ನೆಸ್ತೋರಿದಿಸ್‌ನ ಆಟದ ಲೆಕ್ಕ ಬರೆಯುವುದು ಹೇಗೆ?

ಹಳೇ ಫುಟ್‌ಬಾಲ್ ಫಾರ್ವರ್ಡ್‌ಗಳ ಇಡೀ ಆಟವನ್ನು ಒಂದೇ ಹಾಳೆಗೆ ಇಳಿಸುವುದು ನನ್ನ ಹುಚ್ಚು. ನೀವು ಗ್ರೀಸ್‌ನ ಕೋಸ್ತಾಸ್ ನೆಸ್ತೋರಿದಿಸ್‌ನಿಂದ ಶುರು ಮಾಡಿ.

ಕ್ಲಬ್ಬುಗಳು ಮೊದಲು: ಪಾನಿಯೋನಿಯೋಸ್, ಆಮೇಲೆ ಅಥೆನ್ಸ್‌ನ ಎಇಕೆ. ಸುಮ್ನೆ 1963 ಅಂತ ಬರೆಯಬೇಡಿ, 1962-63 ಅನ್ನಿ. ನಾನು ಇಲ್ಲೇ ಎಡವಿ ಒಂದು ಸೀಸನ್ ಜಾಸ್ತಿ ಎಣಿಸಿದ್ದೆ!

ಈಗ ತಲೆನೋವಿನ ಜಾಗ. 1958-59ರಿಂದ ಸತತ ಐದು ಸೀಸನ್ ಅವನೇ ಅತಿ ಹೆಚ್ಚು ಗೋಲು ಹೊಡೆದವನು. ಆದರೆ ಈಗಿನ ರೀತಿಯ ರಾಷ್ಟ್ರೀಯ ಲೀಗ್ ಹುಟ್ಟಿದ್ದೇ 1959-60ರಲ್ಲಿ, ಅಲ್ವಾ? ಹಾಗಾಗಿ ಮೊದಲನೆಯದನ್ನು ಕೆಂಪು ಪೆನ್ನಲ್ಲಿ ಬರೆದು, ಕೂಡಿಸದೆ ಬಿಡಿ.

1962-63ರ ಪಕ್ಕ ಒಂದು ಟಿಪ್ಪಣಿ ಇರಲಿ: ಅಥೆನ್ಸ್‌ನ ಇನ್ನೊಂದು ಕ್ಲಬ್ ಪನಾಥಿನೈಕೋಸ್ ಜೊತೆ ಪ್ಲೇಆಫ್ (ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪಂದ್ಯ) 3-3, ಗೋಲು ಸರಾಸರಿಯಲ್ಲಿ (ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟ ಗೋಲುಗಳಿಂದ ಭಾಗಿಸಿದ ಲೆಕ್ಕ) ಎಇಕೆ ಚಾಂಪಿಯನ್. ಕೆಳಗೆ ಒಂದು ಸಾಲು ಖಾಲಿ ಬಿಡಿ. ಅದು ಎಇಕೆ ಆದ ಮೇಲೆ ಅವನು ಆಡಲು ಹೋದ ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ.