ಅಮೆರಿಕದಲ್ಲಿ ಮೆಗ್ಗಾನ್ ಎಲ್ಲಿದೆ?

ತೀರ್ಥಹಳ್ಳಿ ಸುತ್ತಮುತ್ತಲಿಂದ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವವರು ಒಂದು ಸಲ ನಮ್ಮ ಮನೆಗೆ ಬಂದು ಹೋಗುವುದುಂಟು. ನಾನು ಅಲ್ಲಿ ಹನ್ನೊಂದು ವರ್ಷ ಇದ್ದು ಬಂದವನಲ್ವಾ, ಅದಕ್ಕೆ. ಉಪ್ಪಿನಕಾಯಿ ಬಿಡುತ್ತಾರಾ, ಬಾಣಂತಿ ಲೇಹ್ಯ ಬಿಡುತ್ತಾರಾ ಅಂತ ಎಲ್ಲ ಕೇಳಿ ಮುಗಿಸುತ್ತಾರೆ. ಎದ್ದು ಚಪ್ಪಲಿ ಮೆಟ್ಟುವಾಗ ನಿಜವಾದ ಪ್ರಶ್ನೆ ಬರುತ್ತದೆ: "ಹುಷಾರಿಲ್ಲದೆ ಹೋದ್ರೆ, ಅಲ್ಲಿ ನಮ್ಮ ಮೆಗ್ಗಾನ್ ತರಹದ್ದು ಏನಾದ್ರೂ ಇದೆಯಾ?" ಮೆಗ್ಗಾನ್ ಅಂದರೆ ಶಿವಮೊಗ್ಗದ ದೊಡ್ಡ ಸರ್ಕಾರಿ ಆಸ್ಪತ್ರೆ.

ಇದೆ. ಆದರೆ ಬೋರ್ಡಿನ ಮೇಲೆ ಸರ್ಕಾರಿ ಆಸ್ಪತ್ರೆ ಅಂತ ಬರೆದಿರುವುದಿಲ್ಲ. ಅಲ್ಲಿರುವ ನಮ್ಮ ಮಕ್ಕಳಿಗೂ ಎಷ್ಟೋ ಸಲ ಅದು ಗೊತ್ತಿರುವುದಿಲ್ಲ. ಆಫೀಸಿನ ಇನ್ಶೂರೆನ್ಸ್ ಇರುವವರೆಗೆ ಗೊತ್ತಾಗುವ ಅಗತ್ಯವೂ ಬೀಳುವುದಿಲ್ಲ.

ನಮ್ಮಲ್ಲಿ ಪಿಎಚ್‌ಸಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಕಟ್ಟಡ ಸರ್ಕಾರದ್ದು, ಡಾಕ್ಟರು ಸರ್ಕಾರದವರು, ಮಾತ್ರೆಯೂ ಸರ್ಕಾರದ್ದೇ. ಅಲ್ಲಿ ಸರ್ಕಾರ ದುಡ್ಡು ಕೊಡುತ್ತದೆ, ನಡೆಸುವುದು ಹೆಚ್ಚಾಗಿ ಲಾಭಕ್ಕಲ್ಲದ ಸಂಸ್ಥೆಗಳು. ಇವಕ್ಕೆ ಕಮ್ಯುನಿಟಿ ಹೆಲ್ತ್ ಸೆಂಟರ್ ಅನ್ನುತ್ತಾರೆ. ದೇಶದಾದ್ಯಂತ ಇಂಥ ಸುಮಾರು 1,400 ಸಂಸ್ಥೆಗಳಿವೆ. ವರ್ಷಕ್ಕೆ 3 ಕೋಟಿಗೂ ಹೆಚ್ಚು ಜನ ಅಲ್ಲಿಗೆ ಹೋಗುತ್ತಾರೆ. ಈ ಪದ್ಧತಿ ನಮಗೆ ಪೂರ್ತಿ ಹೊಸದೇನಲ್ಲ. 1996ರಲ್ಲಿ ನಮ್ಮ ಸರ್ಕಾರ ಯಳಂದೂರು ಕಡೆಯ ಗುಂಬಳ್ಳಿಯ ಪಿಎಚ್‌ಸಿಯನ್ನು ಡಾ. ಸುದರ್ಶನ್ ಅವರ ಸೇವಾ ಸಂಸ್ಥೆ ಕರುಣಾ ಟ್ರಸ್ಟ್‌ಗೆ ವಹಿಸಿತ್ತು. ಅಮೆರಿಕದಲ್ಲಿ ಅದೇ ಮುಖ್ಯ ದಾರಿ, ಅಷ್ಟೇ ವ್ಯತ್ಯಾಸ.

ಇದು ಶುರುವಾದದ್ದು 1965ರಲ್ಲಿ, ಬಾಸ್ಟನ್ನಿನ ಬಡವರ ಕಾಲೊನಿಯೊಂದರಲ್ಲಿ. ಜ್ಯಾಕ್ ಗೈಗರ್ ಮತ್ತು ಕೌಂಟ್ ಗಿಬ್ಸನ್ ಅಂತ ಇಬ್ಬರು ಡಾಕ್ಟರು ಶುರು ಮಾಡಿದರು. ಆಮೇಲೆ ಮಿಸಿಸಿಪಿಯ ಮೌಂಡ್ ಬಯೂ ಎಂಬ ಊರಲ್ಲೂ ಒಂದಾಯಿತು. ಅಲ್ಲಿಗೆ ಬರುತ್ತಿದ್ದ ಎಷ್ಟೋ ಮಕ್ಕಳ ಕಾಯಿಲೆ ಬರೀ ಹಸಿವು. ಗೈಗರ್ ಔಷಧಿ ಚೀಟಿಯಲ್ಲಿ ಊಟದ ಸಾಮಾನು ಬರೆದುಕೊಟ್ಟರು. ಹತ್ತಿರದ ಅಂಗಡಿಯಲ್ಲಿ ಆ ಚೀಟಿ ತೋರಿಸಿದರೆ ದಿನಸಿ, ಬಿಲ್ಲು ಸೆಂಟರಿನ ಔಷಧಿ ಲೆಕ್ಕಕ್ಕೆ. ಮೇಲಿನವರು ಆಕ್ಷೇಪ ಎತ್ತಿದಾಗ, ಅಪೌಷ್ಟಿಕತೆಗೆ ಊಟವೇ ಔಷಧಿ ಅಂತ ಪುಸ್ತಕದಲ್ಲೇ ಇದೆಯಲ್ಲ ಎಂಬರ್ಥದ ಉತ್ತರ ಕೊಟ್ಟರಂತೆ. ನನಗೆ ಬಹಳ ಇಷ್ಟವಾದ ಕಥೆ ಇದು.

ಇನ್ನೊಂದು ವಿಷಯವೂ ನನಗೆ ಇಷ್ಟ. ಈ ಸೆಂಟರಿನ ಆಡಳಿತ ಮಂಡಳಿಯಲ್ಲಿ ಕನಿಷ್ಠ ಶೇ 51 ಮಂದಿ ಅಲ್ಲಿಯ ರೋಗಿಗಳೇ ಇರಬೇಕು ಅಂತ ಕಾನೂನು. ನಮ್ಮ ಸರ್ಕಾರಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಓಪಿಡಿ ಸಾಲಲ್ಲಿ ನಿಂತವರೇ ಅರ್ಧಕ್ಕಿಂತ ಜಾಸ್ತಿ ಕೂತಿದ್ದರೆ ಹೇಗಿರುತ್ತಿತ್ತು, ಯೋಚನೆ ಮಾಡಿ!

ಈಗ ದುಡ್ಡಿನ ಮಾತು. ದುಡ್ಡಿಲ್ಲ ಅನ್ನುವ ಕಾರಣಕ್ಕೆ ಇಲ್ಲಿ ಯಾರನ್ನೂ ವಾಪಸ್ ಕಳಿಸುವಂತಿಲ್ಲ. ಶುಲ್ಕ ನಿಮ್ಮ ಮನೆಯ ಆದಾಯ ಮತ್ತು ಜನರ ಲೆಕ್ಕದ ಮೇಲೆ ಏರಿಳಿಯುತ್ತದೆ. ಇದಕ್ಕೆ ಸ್ಲೈಡಿಂಗ್ ಫೀ ಅಂತ ಹೆಸರು. ಸರ್ಕಾರ ಪ್ರತಿ ವರ್ಷ ಬಡತನದ ಗೆರೆ ಎಳೆಯುತ್ತದೆ. 2025ರಲ್ಲಿ ಅದು ಒಬ್ಬರಿಗೆ ವರ್ಷಕ್ಕೆ 15,650 ಡಾಲರ್, ನಾಲ್ಕು ಜನರ ಮನೆಗೆ 32,150 ಡಾಲರ್. ಆದಾಯ ಅದರೊಳಗಿದ್ದರೆ ಪೂರ್ತಿ ರಿಯಾಯಿತಿ ಅಥವಾ ಹೆಸರಿಗಷ್ಟು ಶುಲ್ಕ. ಅದರ ಎರಡು ಪಟ್ಟಿನವರೆಗೂ ಒಂದಷ್ಟು ಬಿಡುತ್ತಾರೆ. ದಾಟಿದರೆ ಪೂರ್ತಿ ಕೊಡಬೇಕು. ಪೇ ಸ್ಲಿಪ್ಪೋ ಟ್ಯಾಕ್ಸ್ ಕಾಗದವೋ ಒಯ್ಯಿರಿ. ಮಾತ್ರೆಗಳನ್ನೂ ಅಲ್ಲಿಯೇ ಕೇಳಿ. 1992ರ ಒಂದು ಕಾನೂನಿನಿಂದ ಈ ಸೆಂಟರುಗಳಿಗೆ ಔಷಧಿ ಕಡಿಮೆ ಬೆಲೆಗೆ ಸಿಗುತ್ತದೆ. ಹಲ್ಲು ನೋಡುವ ವ್ಯವಸ್ಥೆಯೂ ಎಷ್ಟೋ ಕಡೆ ಇದೆ.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಮಗ ಸಾಫ್ಟ್‌ವೇರಿನಲ್ಲಿದ್ದು ಸ್ವಂತ ಮನೆ ಮಾಡಿದ್ದರೆ, ನೋಡಲು ಬಂದ ಅಪ್ಪ ಅಮ್ಮನಿಗೆ ವಿಸಿಟರ್ ಇನ್ಶೂರೆನ್ಸ್ ಮಾಡಿಸಲಿ, ಸೆಂಟರಿಗೆ ಹೋದರೆ ಪೂರ್ತಿ ಫೀ ಕೊಡಲಿ. ರಿಯಾಯಿತಿ ಇರುವುದು ಕೆಲಸ ಹೋದವರಿಗೆ, ಹೋಟೆಲಿನಲ್ಲಿ ಅಡುಗೆ ಮಾಡುವವರಿಗೆ, ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ ಮಾಡುವವರಿಗೆ. ನಮ್ಮವರಲ್ಲೂ ಅಂಥವರಿದ್ದಾರೆ. ಅವರು ಯಾರಿಗೂ ಹೇಳಿಕೊಳ್ಳುವುದಿಲ್ಲ, ಅಷ್ಟೇ.

ವೀಸಾದ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಈ ಸೆಂಟರುಗಳು ರೋಗಿಯ ವಲಸೆ ಕಾಗದ ಕೇಳುವ ರೂಢಿ ಇರಲಿಲ್ಲ. 2025ರ ಜುಲೈನಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಹಳೆಯ ಕಾನೂನಿಗೆ ಹೊಸ ಅರ್ಥ ಹೇಳಿ, ಈ ಸೇವೆಯನ್ನೂ ಕೆಲವು ವಲಸಿಗರಿಗೆ ಮಿತಿಗೊಳಿಸಲು ಹೊರಟಿತು. ಹಲವು ರಾಜ್ಯಗಳು ಕೋರ್ಟಿಗೆ ಹೋದವು. ಹಾಗಾಗಿ ಹೋಗುವ ಮೊದಲು ಆ ಸೆಂಟರಿಗೇ ಫೋನ್ ಮಾಡಿ ಕೇಳುವುದು ಒಳ್ಳೆಯದು. ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ 211ಕ್ಕೆ ಫೋನ್ ಮಾಡಿ. ಹೆಚ್ಚಿನ ಊರುಗಳಲ್ಲಿ ಇಂಥ ಸಹಾಯ ಎಲ್ಲೆಲ್ಲಿ ಸಿಗುತ್ತದೆ ಅಂತ ಹೇಳುವ ನಂಬರ್ ಅದು.

ಎದೆನೋವು, ಉಸಿರಾಟದ ತೊಂದರೆ ಅಂದರೆ ಇದೆಲ್ಲ ಯೋಚಿಸುತ್ತಾ ಕೂರಬೇಡಿ. ತುರ್ತು ನಂಬರ್ 911ಕ್ಕೆ ಫೋನ್ ಮಾಡಿ. ಎಮರ್ಜೆನ್ಸಿಗೆ ಬಂದವರನ್ನು ದುಡ್ಡು ಕೇಳುತ್ತಾ ಕಾಯಿಸದೆ ಪರೀಕ್ಷೆ ಮಾಡಬೇಕು, ಜೀವಕ್ಕೆ ಅಪಾಯವಿದ್ದರೆ ಅದನ್ನು ತಡೆಯಬೇಕು ಅಂತ 1986ರ ಕಾನೂನು ಹೇಳುತ್ತದೆ. ಆದರೆ ಪುಕ್ಕಟೆ ಅಂತ ಹೇಳುವುದಿಲ್ಲ. ಬಿಲ್ಲು ಅಂಚೆಯಲ್ಲಿ ಹಿಂದೆಯೇ ಬರುತ್ತದೆ.

ನಮಗೂ ಬಂತು. ನಾನಾಗ ಓದುತ್ತಿದ್ದೆ. ಸ್ಟೈಪೆಂಡಿನಲ್ಲಿ ಸಂಸಾರ. ಬಾಣಂತನಕ್ಕೆ ಬಂದ ಅಮ್ಮನ ಬಿಪಿ ಮಾತ್ರೆ ಎರಡನೇ ತಿಂಗಳಿಗೇ ಮುಗಿದಿತ್ತು. ದುಬಾರಿ ಅಂತ ಹೆದರಿ ನಮಗೆ ಹೇಳಿಯೇ ಇರಲಿಲ್ಲ. ಒಂದು ರಾತ್ರಿ ಎದೆ ಹಿಡಿದುಕೊಂಡಂತಾಯಿತು ಅಂದರು. ಎಮರ್ಜೆನ್ಸಿಗೆ ಓಡಿದೆವು. ಇಸಿಜಿ, ರಕ್ತ ಪರೀಕ್ಷೆ, ನಾಲ್ಕೂವರೆ ಗಂಟೆ. ಏನೂ ಇಲ್ಲ, ಬಿಪಿ ಏರಿದೆ ಅಂದು ಕಳಿಸಿದರು. ಬಿಲ್ಲು ಮಾತ್ರ ಅಮ್ಮನ ಹೋಗಿ ಬರುವ ವಿಮಾನ ಟಿಕೆಟ್ಟಿಗಿಂತ ದೊಡ್ಡದು. ಸುಮ್ನೆ ಎರಡು ಕಂತು ಕಟ್ಟಿದೆ. ಮೂರನೆಯದಕ್ಕೆ ಮೊದಲು ಪಕ್ಕದ ಮನೆಯ ಅಜ್ಜಿ ಕೇಳಿದರು, ಬಿಲ್ಲಿನ ಹಿಂಬದಿ ಓದಿದ್ದೀಯಾ ಅಂತ. ಅಲ್ಲಿ ಸಣ್ಣ ಅಕ್ಷರದಲ್ಲಿತ್ತು: ಹಣಕಾಸು ಸಹಾಯಕ್ಕೆ ಅರ್ಜಿ ಹಾಕಬಹುದು.

ಇದು ಅವರ ಔದಾರ್ಯವಲ್ಲ. ಅಮೆರಿಕದ ಹೆಚ್ಚಿನ ಆಸ್ಪತ್ರೆಗಳು ಲಾಭಕ್ಕಲ್ಲದ ಸಂಸ್ಥೆಗಳು, ತೆರಿಗೆ ಕಟ್ಟುವುದಿಲ್ಲ. ಆ ವಿನಾಯಿತಿಗೆ ಬದಲಾಗಿ, ಬಡವರಿಗೆ ಎಷ್ಟು ಬಿಡುತ್ತೇವೆ ಅಂತ ಲಿಖಿತ ನಿಯಮ ಮಾಡಿ ಪ್ರಕಟಿಸಬೇಕು. 2010ರ ಕಾನೂನಿನಿಂದ ಬಂದ ಷರತ್ತು ಇದು. ಮೊದಲ ಬಿಲ್ಲು ಬಂದ ದಿನದಿಂದ 240 ದಿನದವರೆಗೆ ಅರ್ಜಿ ಹಾಕಬಹುದು. ಯಾರಿಗೆ ಎಷ್ಟು ಅನ್ನುವುದು ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ತರಹ, ಕೆಲವು ಕಡೆ ಆ ಊರಿನ ನಿವಾಸಿಗಳಿಗೆ ಮಾತ್ರ. ನಮಗೆ ಉಳಿದದ್ದರಲ್ಲಿ ಬಹುಪಾಲು ಬಿಟ್ಟರು. ಕೌಂಟರಿನಲ್ಲಿ ಮೂರು ಸಲ ನಿಂತಿದ್ದೆ, ಒಬ್ಬರೂ ಹೇಳಿರಲಿಲ್ಲ. ನಮ್ಮ ಮಲೆನಾಡಿನವರ ದಾಕ್ಷಿಣ್ಯಕ್ಕೆ ಅಲ್ಲಿ ಬಹಳ ದುಬಾರಿ ಬೆಲೆ.

ಹೊರಡುವ ಮುಂಚೆ ಇಡೀ ವಾಸ್ತವ್ಯಕ್ಕೆ ಸಾಕಾಗುವಷ್ಟು ಮಾತ್ರೆ, ಡಾಕ್ಟರ ಚೀಟಿ ಸಮೇತ ಇಟ್ಟುಕೊಳ್ಳಿ. ಮಂಗನ ಕಾಯಿಲೆಯ ಕಾಲದಲ್ಲಿ ಸೊರಬ, ಸಾಗರ, ತೀರ್ಥಹಳ್ಳಿ ಕಡೆಯಿಂದ ಹೋಗುವವರು ಇನ್ನೊಂದು ನೆನಪಿಡಿ. ಇಳಿದ ಒಂದೆರಡು ವಾರದಲ್ಲಿ ಜೋರು ಜ್ವರ ಬಂದರೆ, ಕಾಡಿಗೆ ಹೋಗಿದ್ದೆ, ಉಣುಗು ಕಚ್ಚಿತ್ತು ಅಂತ ಹೇಳಿ. ಮಂಗನ ಕಾಯಿಲೆ ಅಂದರೆ ಅಲ್ಲಿಯವರಿಗೆ ತಿಳಿಯದು. ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅನ್ನಿ. 1957ರಲ್ಲಿ ಸೊರಬದ ಕಾಡಿನಲ್ಲಿ ಪತ್ತೆಯಾದ ಆ ರೋಗ ನಮ್ಮೂರಿನ ಹೆಸರಿನಲ್ಲೇ ಅವರ ಪುಸ್ತಕದಲ್ಲಿದೆ.

ಇಂಗ್ಲಿಷ್ ಬರುವುದಿಲ್ಲ ಅಂತ ಹಿಂಜರಿಯಬೇಡಿ. ಇಂಟರ್‌ಪ್ರಿಟರ್ ಬೇಕು ಅಂದರೆ ಫೋನಿನಲ್ಲಿ ಒಬ್ಬರನ್ನು ಹಿಡಿದು ಕೊಡುತ್ತಾರೆ, ಅದಕ್ಕೆ ದುಡ್ಡಿಲ್ಲ. ಕನ್ನಡ ಅಂತ ಬಿಡಿಸಿ ಹೇಳಿ, ಇಲ್ಲದಿದ್ದರೆ ಹಿಂದಿಯವರು ಬರುತ್ತಾರೆ. ಆ ರಾತ್ರಿ ನಮಗೂ ಫೋನಿನಲ್ಲಿ ಒಬ್ಬರು ಸಿಕ್ಕಿದರು. ಎಲ್ಲಿ ನೋಯುತ್ತದೆ ಅಂತ ಆಕೆ ಕನ್ನಡದಲ್ಲಿ ಕೇಳಿದ್ದೇ ತಡ, ಅಮ್ಮ ಮಂಚದ ಮೇಲೆ ಎದ್ದು ಕೂತು, "ನಿಮ್ದು ಯಾವೂರಾಯ್ತಮ್ಮಾ?" ಅಂದರು. ಆಕೆ ಅದನ್ನು ಹೇಳುವಂತಿಲ್ಲವಂತೆ, ನಿಯಮ. ಅಮ್ಮ ಮನೆಗೆ ಬಂದಮೇಲೂ, ಮಾತು ಕೇಳಿದರೆ ಭದ್ರಾವತಿಯವಳೇ ಇರಬೇಕು ಅನ್ನುತ್ತಿದ್ದರು.