ಬ್ರಾಂಡ್ ಬ್ಲಾಗನ್ನು ಸೀರಮ್ ತುಂಬುವವರ ಕೈಗೆ ಕೊಟ್ಟೆ: ನನ್ನ ಅನುಭವ

ಕಳೆದ ವಾರ ನಮ್ಮ ಹಣಕಾಸು ವಿಭಾಗದ ಮುಖ್ಯಸ್ಥರು ತಾವಾಗಿಯೇ ನನ್ನ ಮೇಜಿನ ಬಳಿ ಬಂದು, "ಬ್ಲಾಗಿಗೆ ಮುಂದಿನ ವರ್ಷ ಎಷ್ಟು ಬೇಕು, ಬರೆದುಕೊಡಿ" ಎಂದರು. ಮೂರು ವರ್ಷಗಳ ಹಿಂದೆ ಅದೇ ಖರ್ಚಿನ ಮೇಲೆ ಕೆಂಪು ಗೆರೆ ಎಳೆದವರು ಇವರೇ. ಅಂದು ಮೂಗು ಮುರಿದವರೆಲ್ಲ ಕಂಪನಿಯ ಬ್ಲಾಗನ್ನು ಕೆಲಸಗಾರರ ಮಾತಿನಿಂದಲೇ ಹೇಗೆ ನಡೆಸಿದಿರಿ ಎಂದು ಈಗ ಕೇಳುತ್ತಿದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ. ಸೌಂದರ್ಯವರ್ಧಕ ಕಂಪನಿಯಲ್ಲಿ ಬರಹದ ಹೊಣೆ ಹೊತ್ತವರಿಗೆ ಕೀವರ್ಡ್, ವೇಳಾಪಟ್ಟಿ, ಓದುಗರ ಲೆಕ್ಕ ಇಡುವ ಸಾಧನಗಳ ವಿಷಯ ಹೇಳಿಕೊಡಬೇಕಾಗಿಲ್ಲ. ನೇರವಾಗಿ ಕೈ ಸುಟ್ಟುಕೊಂಡ ಕಥೆಗೆ ಬರುತ್ತೇನೆ.

ಮೊದಲ ವರ್ಷ ಏಜೆನ್ಸಿಯೊಂದಕ್ಕೆ ಕೆಲಸ ಒಪ್ಪಿಸಿದೆವು. ಜಾಹೀರಾತಿಗೆಂದು ಇಟ್ಟ ಹಣದಲ್ಲಿ ಹತ್ತರಲ್ಲಿ ಒಂದು ಪಾಲು ಅಲ್ಲಿಗೇ ಹೋಯಿತು. ಎಪ್ಪತ್ತರ ಆಸುಪಾಸು ಲೇಖನಗಳು ಬಂದವು. ಹೊಳೆಯುವ ತ್ವಚೆಗೆ ಹತ್ತು ಸೂತ್ರ, ಚಳಿಗಾಲದ ಆರೈಕೆ, ಇಂಥವೇ. ಓದುಗರು ಸರಾಸರಿ ಅರ್ಧ ನಿಮಿಷವೂ ನಿಲ್ಲುತ್ತಿರಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಎರಡನೆಯ ವರ್ಷ ಸೌಂದರ್ಯದ ಬಗ್ಗೆ ಬರೆಯುವ ಹೊರಗಿನವರಿಗೆ ಉಚಿತವಾಗಿ ಉತ್ಪನ್ನ ಕಳುಹಿಸಿ ಬರೆಸಿದೆವು. ಅವರಲ್ಲಿ ಇಬ್ಬರು ಉತ್ಪನ್ನ ಉಚಿತವಾಗಿ ಬಂದದ್ದೆಂದು ಹೇಳಿರಲಿಲ್ಲ. ಓದುಗರೊಬ್ಬರು ಅದನ್ನು ಪತ್ತೆಹಚ್ಚಿದರು. ಆ ವಾರ ಬಂದ ಪ್ರತಿಕ್ರಿಯೆಗಳನ್ನು ಓದುವಾಗ ನನಗೆ ನಿಜಕ್ಕೂ ನಾಚಿಕೆಯಾಯಿತು.

ಆಗ ನನಗೆ ನೆನಪಾದದ್ದು ವಿಶಿ ಎಂಬ ತ್ವಚೆ ಆರೈಕೆ ಬ್ರಾಂಡಿನ ಪ್ರಕರಣ. 2005ರಲ್ಲಿ ಫ್ರಾನ್ಸಿನಲ್ಲಿ ಆ ಬ್ರಾಂಡ್ ಕ್ಲೇರ್ ಎಂಬ ಕಲ್ಪಿತ ಮಹಿಳೆಯ ಹೆಸರಿನಲ್ಲಿ ಬ್ಲಾಗ್ ನಡೆಸಿತು, ಓದುಗರಿಗೆ ವಾಸನೆ ಹತ್ತಿತು, ಕೊನೆಗೆ ಕ್ಷಮೆ ಕೇಳಿ ನಿಜವಾದ ಮಹಿಳೆಯರಿಂದಲೇ ಬರೆಸಬೇಕಾಯಿತು. ಇದಕ್ಕೆ ಎದುರಾದ ಉದಾಹರಣೆ ಗ್ಲಾಸಿಯರ್ ಎಂಬ ಅಮೆರಿಕದ ಸೌಂದರ್ಯವರ್ಧಕ ಬ್ರಾಂಡ್. ಅದರ ಸ್ಥಾಪಕಿ ಎಮಿಲಿ ವೈಸ್ 2010ರಲ್ಲಿ ಶುರುಮಾಡಿದ 'ಇನ್‌ಟು ದ ಗ್ಲಾಸ್' ಬ್ಲಾಗ್ ಮೊದಲು ಬಂತು, ಉತ್ಪನ್ನಗಳು ಬಂದದ್ದು 2014ರಲ್ಲಿ. ಮಾತು ಮೊದಲು, ಮಾರಾಟ ಆಮೇಲೆ. ಇವೆರಡನ್ನೂ ಮುಂದಿಟ್ಟು ಆಡಳಿತದವರ ಹತ್ತಿರ ಒಂದೇ ಮಾತು ಕೇಳಿದೆ: ನಮ್ಮಲ್ಲಿ ನಿಜವಾಗಿ ಕೆಲಸ ಮಾಡುವವರೇ ಬರೆಯಲಿ. "ಯಂತ್ರದ ಮುಂದೆ ನಿಲ್ಲುವವರು ಬರೆದದ್ದನ್ನು ಯಾರು ಓದುತ್ತಾರೆ?" ಎಂದರು. ಆರು ತಿಂಗಳ ಅವಕಾಶ ಸಿಕ್ಕಿತು. ಹಣ ಸಿಕ್ಕಿದ್ದು ಮೊದಲಿನ ಕಾಲು ಭಾಗ.

ಅದೇ ಹೊತ್ತಿಗೆ ನಮ್ಮ ವಿಟಮಿನ್ ಸಿ ಸೀರಮ್ (ಮುಖಕ್ಕೆ ಹಚ್ಚುವ ತೆಳು ದ್ರವ) ಬಗ್ಗೆ ದೂರುಗಳು ಶುರುವಾದವು. ತೆರೆದ ಎರಡೇ ವಾರದಲ್ಲಿ ತುಕ್ಕಿನ ಬಣ್ಣಕ್ಕೆ ತಿರುಗುತ್ತಿದೆ ಎಂದು ದಿನಕ್ಕೆ ಮೂವತ್ತು ನಲವತ್ತು ಕರೆ. ವಿಟಮಿನ್ ಸಿಗೆ, ಅಂದರೆ ಆಸ್ಕಾರ್ಬಿಕ್ ಆಮ್ಲಕ್ಕೆ, ಗಾಳಿ ತಾಗಿದರೆ ಬಣ್ಣ ತಿರುಗುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ವಿಷಯ. ಆದರೆ ಇಷ್ಟು ಬೇಗ ಏಕೆ? ಮಾರಾಟ ವಿಭಾಗದವರು ಸುಮ್ಮನಿರೋಣ ಎಂದರು. ನಾನು ಮೊಬೈಲ್ ಹಿಡಿದು ತುಂಬುವ ವಿಭಾಗಕ್ಕೆ ಹೋದೆ.

ಅಲ್ಲಿ ಹದಿನಾಲ್ಕು ವರ್ಷದಿಂದ ಸೀಸೆ ತುಂಬುತ್ತಿರುವ ಹಿರಿಯರೊಬ್ಬರು ಇದ್ದಾರೆ. ಮುಚ್ಚಳ ಬೀಳುವ ಮುನ್ನ ಸೀಸೆಯೊಳಗಿನ ಗಾಳಿಯನ್ನು ಹೊರದಬ್ಬಲು ನೈಟ್ರೋಜನ್ ಊದುವ ಸಣ್ಣ ನಳಿಕೆಗಳ ಸಾಲಿನ ಹತ್ತಿರ ನನ್ನನ್ನು ನಿಲ್ಲಿಸಿ, "ಕಣ್ಣು ಮುಚ್ಚಿ ಕೇಳಿ" ಎಂದರು. ಐದು ನಳಿಕೆಗಳ ಸದ್ದು ಒಂದೇ ಸಮ, ಆರನೆಯದ್ದು ಮಾತ್ರ ತೆಳ್ಳಗೆ. "ಆ ವಾರವೂ ಹೀಗೇ ಇತ್ತು ಸರ್. ಅರ್ಧ ಕಟ್ಟಿಕೊಂಡಿತ್ತು. ಶಿಫ್ಟ್ ಮುಗಿಯುವಾಗ ಹೇಳಿದ್ದೆ, ಯಾರೂ ಬರೆದುಕೊಳ್ಳಲಿಲ್ಲ." ಆರು ಸೀಸೆಗೆ ಒಂದರಂತೆ ಗಾಳಿ ಉಳಿದುಕೊಂಡು ಹೊರಗೆ ಹೋಗಿತ್ತು.

ಅವರ ಮಾತನ್ನೇ ಬರಹವಾಗಿಸಿದೆ. ಯಾವ ಬ್ಯಾಚ್ ಸಂಖ್ಯೆ, ಏನಾಯಿತು, ಸೀಸೆ ಹೇಗೆ ಬದಲಾಯಿಸಿಕೊಳ್ಳಬೇಕು, ಒಳ್ಳೆಯ ಸೀರಮನ್ನೂ ಬೆಳಕಿನಿಂದ ದೂರ ಏಕೆ ಇಡಬೇಕು, ಎಲ್ಲವೂ ಅದರಲ್ಲಿತ್ತು. ಸೀಸೆ ಬದಲಾಯಿಸಿಕೊಟ್ಟ ಖರ್ಚು ಬ್ಲಾಗಿನ ಸುಮಾರು ಎರಡು ತಿಂಗಳ ಹಣಕ್ಕೆ ಸಮನಾಯಿತು. ಆದರೆ ಹತ್ತು ದಿನದಲ್ಲಿ ಕರೆಗಳು ಮೂರರಲ್ಲಿ ಒಂದಕ್ಕೆ ಇಳಿದವು, ಸರಾಸರಿ ಓದುವ ಸಮಯ ನಾಲ್ಕು ನಿಮಿಷ ದಾಟಿತು. ಮುನ್ನೂರಕ್ಕೂ ಹೆಚ್ಚು ಪ್ರತಿಕ್ರಿಯೆಗಳು ಬಂದವು, ಬಹುಪಾಲು ಆ ಹಿರಿಯರ ಹೆಸರು ಹಿಡಿದು ಬರೆದವು. ಅವರು ಅವನ್ನು ಮನೆಯವರಿಗೆ ತೋರಿಸಲು ಮುದ್ರಿಸಿಕೊಂಡು ಹೋದರು. ಈ ಕೆಲಸದಲ್ಲಿ ನನಗೆ ಇದಕ್ಕಿಂತ ದೊಡ್ಡ ಸಂಬಳ ಸಿಕ್ಕಿಲ್ಲ.

ನೌಕರರಿಗೆಂದೇ ಮೊದಲು ನಮ್ಮಲ್ಲಿ ಬೇರೆ ಒಳಬ್ಲಾಗ್ ಇತ್ತು. ನಿರ್ದೇಶಕರ ಸಂದೇಶ, ಹುಟ್ಟುಹಬ್ಬದ ಪಟ್ಟಿ. ಹತ್ತರಲ್ಲಿ ಒಬ್ಬರು ತೆರೆದರೆ ಹೆಚ್ಚು. ಅದನ್ನು ಮುಚ್ಚಿಸಿದೆ, ವಿರೋಧ ಬಂತು. ಗ್ರಾಹಕರು ಓದುವ ಬ್ಲಾಗನ್ನೇ ನೌಕರರೂ ಓದತೊಡಗಿದರು, ಏಕೆಂದರೆ ಅದರಲ್ಲಿ ಅವರಿದ್ದರು. ಕೌಂಟರಿನಲ್ಲಿ ನಿಲ್ಲುವ ಹುಡುಗಿಯೊಬ್ಬಳು ಫೌಂಡೇಶನ್ (ಮೈಬಣ್ಣಕ್ಕೆ ಹೊಂದಿಸಿ ಮುಖಕ್ಕೆ ಹಚ್ಚುವ ಲೇಪ) ಹಚ್ಚಿದ ಒಂದು ಗಂಟೆಯೊಳಗೆ ಅದರ ಬಣ್ಣ ಏಕೆ ಒಂದು ಛಾಯೆ ಗಾಢವಾಗುತ್ತದೆ, ದವಡೆಯ ಅಂಚಿಗೆ ಹಚ್ಚಿ ಕಿಟಕಿಯ ಬೆಳಕಿನಲ್ಲಿ ನೋಡದೆ ಏಕೆ ಕೊಳ್ಳಬಾರದು ಎಂದು ಹೇಳಿದಳು. ಬಣ್ಣ ಹೊಂದಲಿಲ್ಲ ಎಂದು ಹಿಂದಕ್ಕೆ ಬರುವ ಫೌಂಡೇಶನ್ ಆ ಮೇಲೆ ಅಂದಾಜು ಕಾಲು ಭಾಗ ಕಡಿಮೆಯಾಯಿತು. ಕೊಳ್ಳಬೇಡಿ ಎನ್ನುವ ಮಾತಿಗೆ ಅಂಜಿದ್ದ ಮಾರಾಟದವರೇ ಈಗ ಆ ಬರಹದ ಕೊಂಡಿಯನ್ನು ಗ್ರಾಹಕರಿಗೆ ಕಳುಹಿಸುತ್ತಾರೆ.

ವಿಧಾನ ಸರಳ. ಯಾರಿಗೂ ಬರೆಯಿರಿ ಎನ್ನುವುದಿಲ್ಲ. ಅವರು ಮಾತನಾಡಬೇಕು, ನಾನು ಧ್ವನಿಮುದ್ರಿಸಿ ಬರೆದುಕೊಳ್ಳುತ್ತೇನೆ. ಆ ಹೊತ್ತಿಗೆ ಹೆಚ್ಚುವರಿ ದುಡಿಮೆಯ ಸಂಬಳ ಸಿಗಬೇಕು ಎಂದು ಹಟ ಹಿಡಿದು ಒಪ್ಪಿಸಿಕೊಂಡಿದ್ದೇನೆ. ಪ್ರಯೋಗಾಲಯದ ಒಬ್ಬರು ವಿಜ್ಞಾನ ನೋಡುತ್ತಾರೆ. ಕಾನೂನು ವಿಭಾಗ ಎರಡು ದಿನದೊಳಗೆ ಉತ್ಪನ್ನ ಏನು ಮಾಡುತ್ತದೆ ಎಂದು ಹೇಳಿಕೊಳ್ಳುವ ಮಾತುಗಳನ್ನು ಮಾತ್ರ ತಿದ್ದುತ್ತದೆ. 'ಗುಣಪಡಿಸುತ್ತದೆ' ಎಂಬ ಪದ ನುಸುಳಿದರೆ ಸೌಂದರ್ಯವರ್ಧಕವೂ ಔಷಧಿಗಳ ನಿಯಮಕ್ಕೆ ಸಿಕ್ಕಿಬೀಳುತ್ತದೆ ಎಂಬುದು ನಿಮಗೂ ಗೊತ್ತು. ವಾಕ್ಯದ ಧಾಟಿಯನ್ನು ಯಾರೂ ಮುಟ್ಟುವಂತಿಲ್ಲ. ಗ್ರಾಹಕ ಸೇವೆಯ ದಾಖಲೆಯಿಂದ ವಾರದ ಪ್ರಶ್ನೆಯನ್ನು ಹೇಗೆ ಆರಿಸುತ್ತೇನೆ, ಮಾತಿಗೆ ಹಿಂದೇಟು ಹಾಕುವವರಿಗೆ ಮೊದಲು ಏನು ಕೇಳುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅವೆರಡು ಕೈವಶವಾಗಲು ನನಗೆ ಒಂದೂವರೆ ವರ್ಷ ಹಿಡಿಯಿತು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಪೆಟ್ಟಿಗೆಯ ಒಳಮಡಿಕೆಯಲ್ಲಿ ಕ್ಯೂಆರ್ ಕೋಡ್ ಮುದ್ರಿಸಿ, ಆ ಬ್ಯಾಚ್ ತಯಾರಿಸಿದವರ ಬರಹಕ್ಕೆ ದಾರಿ ಕೊಟ್ಟೆ. ನೂರರಲ್ಲಿ ಆರೇಳು ಮಂದಿ ಬಳಸಿದರು, ಮುದ್ರಣದ ಖರ್ಚಿಗೆ ಅಷ್ಟು ಸಾಲದು, ಆದರೂ ಬಿಡಲು ಮನಸ್ಸಿಲ್ಲ. ಪರಿಮಳದ ಬಗ್ಗೆ ಬರೆಸಿದ ಮೂರೂ ಬರಹ ಬಿದ್ದುಹೋದವು, ಮೂಗಿಗೆ ತಾಗದ್ದನ್ನು ಅಕ್ಷರದಲ್ಲಿ ಕಟ್ಟಿಕೊಡಲು ನಮ್ಮಿಂದ ಆಗಲಿಲ್ಲ. ಬರಹಗಳನ್ನು ಧ್ವನಿಯಲ್ಲಿ ಕೊಟ್ಟದ್ದು ಮಾತ್ರ ನಾನು ನೆನೆಸಿರದಷ್ಟು ಚೆನ್ನಾಗಿ ನಡೆಯಿತು. ಕೌಂಟರಿನವರು ಕೆಲಸಕ್ಕೆ ಬರುವ ದಾರಿಯಲ್ಲಿ ಕೇಳಿಕೊಂಡೇ ಬರುತ್ತಾರೆ.

ಈಗ ಕೈಯಲ್ಲಿರುವುದು ಲಿಪ್‌ಸ್ಟಿಕ್ ಏಕೆ ಬೆವರುತ್ತದೆ ಎಂಬ ಪ್ರಶ್ನೆ. ಮೇಲೆ ಎಣ್ಣೆಯ ಸಣ್ಣ ಹನಿಗಳು ಕಂಡೊಡನೆ ಕೆಟ್ಟುಹೋಯಿತೆಂದು ಎಸೆಯುವವರು ಬಹಳ. ಅಚ್ಚು ಹೊಯ್ಯುವ ವಿಭಾಗದ ಸಹೋದ್ಯೋಗಿಯೊಬ್ಬರು ಒಂದೇ ಬ್ಯಾಚಿನ ಹನ್ನೆರಡು ಕಡ್ಡಿಗಳನ್ನು ಮೂರು ಬೇರೆ ಬೇರೆ ಉಷ್ಣಾಂಶದಲ್ಲಿಟ್ಟು ಪ್ರತಿ ಸೋಮವಾರ ಬೆಳಿಗ್ಗೆ ಭೂತಗನ್ನಡಿಯಲ್ಲಿ ಹನಿ ಎಣಿಸುತ್ತಿದ್ದಾರೆ. ಮೂರು ವಾರ ಮುಗಿದಿದೆ, ಇನ್ನು ಮೂರು ಬಾಕಿ. ಈ ಬಾರಿ ಅವರು ನನ್ನ ಮೊಬೈಲಿಗೆ ಕಾಯದೆ ತಾವೇ ಟಿಪ್ಪಣಿ ಬರೆದಿಟ್ಟಿದ್ದಾರೆ.