ನವಿಲೋ ಮಾವಿನಕಾಯಿಯೋ: ಫ್ಲಾಪಿ ಬದಲಿಸಿದ ನನ್ನ ಅನುಭವ

ಕಂಪ್ಯೂಟರ್ ಎಂಬ್ರಾಯಿಡರಿ ಮೆಷಿನ್ ರಿಪೇರಿ ನನ್ನ ಕಸುಬು. ಬೆಂಗಳೂರಿನಲ್ಲಿ ರವಿಕೆಗೆ ಜರಿ ಕೆಲಸ ಮಾಡಿಕೊಡುವ ಸಣ್ಣ ಘಟಕಗಳಿಗೆ ಹೋದರೆ ಡಿಸೈನನ್ನು ಮೆಷಿನ್ನಿಗೆ ಒಯ್ಯುವ ಹಳೆಯ ಡಿಸ್ಕ್, ಮೂರೂವರೆ ಇಂಚಿನ ಫ್ಲಾಪಿ, ಇಂದಿಗೂ ಎದುರಾಗುತ್ತದೆ. ಸೋನಿ ತನ್ನ ತವರಿನಲ್ಲೇ ಅದರ ಮಾರಾಟ ನಿಲ್ಲಿಸಿದ್ದು 2011ರಲ್ಲಿ.

ಮಾಲೀಕರ ಜಿಪುಣತನವೇ ಕಾರಣ ಎಂದು ನಾನೂ ನಂಬಿದ್ದೆ. ಲೆಕ್ಕ ಹಾಕಿದ ಮೇಲೆ ಸುಮ್ಮನಾದೆ. ಈ ಮೆಷಿನ್‌ಗಳು ಓದುವ ಡಿಎಸ್‌ಟಿ ಫೈಲಿನಲ್ಲಿ ಒಂದು ಹೊಲಿಗೆಗೆ ಬೇಕಾಗುವುದು ಮೂರೇ ಬೈಟ್. ಆರಂಭದಲ್ಲಿ 512 ಬೈಟ್‌ಗಳ ವಿವರ, ಅಷ್ಟೇ. ಇಪ್ಪತ್ತು ಸಾವಿರ ಹೊಲಿಗೆಯ ತೋಳಿನ ಡಿಸೈನ್ ಸುಮಾರು 60 ಕೆಬಿ. 1.44 ಎಂಬಿ ಫ್ಲಾಪಿಯಲ್ಲಿ ಅಂಥವು ಇಪ್ಪತ್ತಕ್ಕೂ ಹೆಚ್ಚು ಹಿಡಿಯುತ್ತವೆ. ಮೋಟಾರು, ಸೂಜಿ, ಕೊಕ್ಕೆ ಎಲ್ಲವೂ ಗಟ್ಟಿಮುಟ್ಟಾಗಿರುವಾಗ ಚಿಲಕ ಕೆಟ್ಟಿತೆಂದು ಮನೆ ಕೆಡವುವವರು ಯಾರು?

ಚಿಲಕ ಕೆಡುವುದಂತೂ ನಿಜ. ಮಳೆಗಾಲದಲ್ಲಿ ಫ್ಲಾಪಿಗೆ ಬೂಷ್ಟು ಹಿಡಿಯುತ್ತದೆ. ಅದನ್ನು ಹಾಗೆಯೇ ತೂರಿಸಿದರೆ ಡ್ರೈವಿನ ಹೆಡ್ ಕೊಳೆಯಾಗಿ, ಮುಂದೆ ಹಾಕಿದ ಒಳ್ಳೆಯ ಫ್ಲಾಪಿಯನ್ನೂ ಕೆರೆದುಬಿಡುತ್ತದೆ. ಲೋಹದ ಮುಚ್ಚಳ ಸರಿಸಿ ಬೆಳಕಿಗೆ ಹಿಡಿದು ನೋಡದೆ ನಾನು ಯಾವುದನ್ನೂ ಒಳಗೆ ಬಿಡುವುದಿಲ್ಲ.

ಕಳೆದ ಮದುವೆ ಸೀಸನ್ನಿಗೆ ಮುಂಚೆ ಒಂದು ಘಟಕದ ಡ್ರೈವ್ ಪೂರ್ತಿ ಸತ್ತಿತು. ಅದರ ಜಾಗದಲ್ಲಿ ಫ್ಲಾಪಿ ಎಮ್ಯುಲೇಟರ್ ಕೂರಿಸಿದೆ. ಅಳತೆ ಅದೇ, ಹಿಂದಿನ 34 ಪಿನ್ನಿನ ಪಟ್ಟಿ ಕೇಬಲ್ಲೂ ಅದೇ. ಪೆನ್‌ಡ್ರೈವನ್ನು ಅಂಕಿ ಹಚ್ಚಿದ ನೂರು ಫ್ಲಾಪಿಗಳೆಂದು ಮೆಷಿನ್ನನ್ನು ನಂಬಿಸುತ್ತದೆ. ಮೊದಲ ಸಲ ದೀಪ ಹತ್ತಿದ್ದು ಆರಲೇ ಇಲ್ಲ. ಕೇಬಲ್ ತಲೆಕೆಳಗಾಗಿತ್ತು, ಮೂರ್ಖತನ ನನ್ನದೇ. ತಿರುಗಿಸಿದರೂ ಓದಲಿಲ್ಲ. ಮೆಷಿನ್ ಹುಡುಕುತ್ತಿದ್ದುದು ಸೊನ್ನೆ ನಂಬರಿನ ಡ್ರೈವನ್ನು, ಎಮ್ಯುಲೇಟರಿನ ನಂಬರ್ ಆರಿಸುವ ಪುಟ್ಟ ಕೊಂಡಿ, ಅಂದರೆ ಜಂಪರ್, ಇದ್ದುದು ಒಂದರಲ್ಲಿ. ಅದನ್ನು ಸರಿಸಿ ಪೆನ್‌ಡ್ರೈವಿನ ಆ ಜಾಗಗಳನ್ನು ಮೆಷಿನ್ನಿನಿಂದಲೇ ಫಾರ್ಮ್ಯಾಟ್ ಮಾಡಿದ ಮೇಲೆ ದಾರಿಗೆ ಬಂತು. ನೀವೂ ಕೊಳ್ಳುವುದಾದರೆ ನಿಮ್ಮ ಮೆಷಿನ್ 720 ಕೆಬಿಯದೋ 1.44 ಎಂಬಿಯದೋ ಎಂದು ಮೊದಲೇ ನೋಡಿಕೊಳ್ಳಿ.

ಬೆನ್ನು ತಟ್ಟಿಸಿಕೊಳ್ಳುವ ಆಸೆಯಲ್ಲಿ ನಿಂತಿದ್ದ ನನ್ನನ್ನು ಮೆಷಿನ್ ನಡೆಸುವ ಹುಡುಗ ಕೇಳಿದ: "ಅಣ್ಣ, ಈ ಮೂವತ್ತೇಳು ಅಂದರೆ ನವಿಲೋ ಮಾವಿನಕಾಯಿಯೋ?"

ಆಗ ಅರ್ಥವಾಯಿತು. ಅವನ ಪ್ರತಿ ಫ್ಲಾಪಿಯ ಚೀಟಿಯ ಮೇಲೂ ಬಾಲ್‌ಪೆನ್ನಿನ ಚಿತ್ರವಿತ್ತು: ನವಿಲು, ಕಮಲ, ಆನೆ, ಬಳ್ಳಿ. ಪೆಟ್ಟಿಗೆ ತೆರೆದರೆ ಕಣ್ಣಿಗೇ ಸಿಗುತ್ತಿದ್ದವು. ನಾನು ಅವನ ಕೈಗೆ ಕೊಟ್ಟದ್ದು ಬರೀ ಅಂಕಿ.

ಅಂದು ಸಂಜೆ ಇಬ್ಬರೂ ಕೂತು ಆ ಚೀಟಿಗಳನ್ನು ಒದ್ದೆ ಬಟ್ಟೆಯಿಂದ ನೆನೆಸಿ ಬಿಡಿಸಿ, ಅಂಕಿಗಳ ಎದುರು ನೋಟ್‌ಬುಕ್ಕಿನಲ್ಲಿ ಅಂಟಿಸಿದೆವು. ಮೂರು ಚೀಟಿ ಹರಿದುಹೋದವು. ಅವು ಏನೆಂದು ತಿಳಿಯಲು ಮರುದಿನ ಚಿಂದಿ ಬಟ್ಟೆಯ ಮೇಲೆ ಹೊಲಿದು ನೋಡಬೇಕಾಯಿತು, ಮೂರೂ ಮಾವಿನಕಾಯಿಯೇ.